ಗಿರಣಿಯ ಗಡಿಯಾರವೂ ಬೆಳಕಿನ ಲಾಳಿಯೂ

(ಕಾರ್ಮಿಕರ ವಾಚನಾಲಯದಲ್ಲಿ ಭಾನುವಾರ ಸಂಜೆ ಮಾಡಿದ ಭಾಷಣ. ನಡುನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿಕೊಂಡಿದೆ.)



ಹೋದ ಭಾನುವಾರ ಈ ವಾಚನಾಲಯದ ಬಾಗಿಲಲ್ಲಿ ಒಂದು ಡಬ್ಬಿ ಇಟ್ಟು, ಏನು ಕೇಳಬೇಕೆಂದಿದ್ದರೂ ಚೀಟಿ ಬರೆದು ಹಾಕಿ ಎಂದು ಹೇಳಿದ್ದೆವು. ತುಟ್ಟಿಭತ್ಯ, ಪ್ರಾವಿಡೆಂಟ್ ಫಂಡು, ಅಂಗಡಿ ಲೈಸೆನ್ಸು ಇವುಗಳ ಮೇಲೆ ಪ್ರಶ್ನೆಗಳು ಬಂದಾವೆಂದು ಎಣಿಸಿದ್ದೆ. ಬಂದಿವೆ, ಅವಕ್ಕೆ ಬೇರೆ ದಿನ ಉತ್ತರ ಹೇಳೋಣ. ಆದರೆ ಒಂಬತ್ತು ಚೀಟಿಗಳು ಬೇರೆಯೇ ತರಹದವು. "ಕಾಲ ಎಲ್ಲರಿಗೂ ಒಂದೇ ಅಲ್ಲವಂತೆ, ನಿಜವೇ?" ಎಂದು ಒಬ್ಬರು ಕೇಳಿದ್ದಾರೆ. "ನಮ್ಮ ಮೈಯೊಳಗೆ ಹಾದುಹೋದರೂ ನಮಗೆ ಗೊತ್ತಾಗದ ಕಣಗಳಿವೆ ಎನ್ನುತ್ತಾರೆ. ಗೊತ್ತೇ ಆಗದಿದ್ದರೆ ಇವೆ ಎಂದು ಹೇಗೆ ಹೇಳಿದರು?" ಎಂದು ಇನ್ನೊಬ್ಬರು. ಎಣ್ಣೆ ವ್ಯಾಪಾರದ ನಮ್ಮ ಹಿರಿಯರೊಬ್ಬರು ತೂಕದ ಪ್ರಶ್ನೆ ಹಾಕಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಓದಿದ್ದು ಮೆಟ್ರಿಕ್ಕಿನ ತನಕ. ವಿಜ್ಞಾನಿಯಲ್ಲ, ವಿಜ್ಞಾನ ಪಾಠ ಹೇಳಿದ ಮೇಷ್ಟ್ರು ಮಾತ್ರ. ಅದನ್ನೂ ಚೆನ್ನಾಗಿ ಹೇಳಲಿಲ್ಲ ಎಂಬುದಕ್ಕೆ ಸಾಕ್ಷಿ ಇದೇ ಸಭೆಯಲ್ಲಿ ಕೂತಿದೆ. ಏಳನೆಯ ತರಗತಿಯಲ್ಲಿ ಬೆಳಕಿನ ಪಾಠ ನಡೆಯುತ್ತಿದ್ದಾಗ ಹುಡುಗನೊಬ್ಬ ಎದ್ದು, "ಸಾರ್, ಬೆಳಕಿನ ಜೊತೆಗೇ ಅಷ್ಟೇ ಜೋರಾಗಿ ಓಡಿದರೆ ಅದು ನಿಂತ ಹಾಗೆ ಕಾಣುತ್ತದೆಯೇ?" ಎಂದ. ಇನ್‌ಸ್ಪೆಕ್ಟರರು ಬರುವ ವಾರ, ಪಾಠ ಮುಗಿಸುವ ಅವಸರ. ಪುಸ್ತಕದಲ್ಲಿ ಇಲ್ಲದ್ದನ್ನು ಕೇಳಬೇಡವೆಂದು ಗದರಿಸಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆ. ನನಗೆ ಉತ್ತರ ಗೊತ್ತಿರಲಿಲ್ಲ, ಅದೇ ನಿಜವಾದ ಕಾರಣ. ಬಹಳ ಕಾಲದ ಮೇಲೆ ಒಂದು ಪುಸ್ತಕದಲ್ಲಿ ಓದಿದೆ: ಇದೇ ಪ್ರಶ್ನೆಯನ್ನು ಐನ್‌ಸ್ಟೈನ್ ತನ್ನ ಹದಿನಾರನೆಯ ವಯಸ್ಸಿನಲ್ಲಿ ತನಗೆ ತಾನೇ ಹಾಕಿಕೊಂಡಿದ್ದನಂತೆ. ಆ ಪುಟ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಹುಡುಗ ಎಂಟನೆಯ ತರಗತಿಗೆ ಬರಲಿಲ್ಲ. ಮನೆಯ ತೊಂದರೆ. ಹೋಟೆಲಿನಲ್ಲಿ ಒಂದಷ್ಟು ದಿನ ಇದ್ದು, ವಯಸ್ಸು ಬಂದ ಮೇಲೆ ಗಿರಣಿ ಸೇರಿದ. ಒಂಬತ್ತು ಚೀಟಿಗಳಲ್ಲಿ ಒಂದು ಅವನದು, ಕೈಬರಹದ ಗುರುತು ಸಿಕ್ಕಿತು. ಅದೇ ಪ್ರಶ್ನೆ! ಆದ್ದರಿಂದ ಇವತ್ತು ಅವನಿಂದಲೇ ಶುರುಮಾಡುತ್ತೇನೆ.

ರೈಲಿನಲ್ಲಿ ಕೂತಿದ್ದೀರಿ. ಪಕ್ಕದ ಹಳಿಯ ಮೇಲೆ ಇನ್ನೊಂದು ರೈಲು ಅದೇ ದಿಕ್ಕಿಗೆ ಅಷ್ಟೇ ವೇಗವಾಗಿ ಹೋಗುತ್ತಿದ್ದರೆ ಅದು ನಿಂತಂತೆ ಕಾಣುತ್ತದೆ. ಇದು ನಮ್ಮೆಲ್ಲರ ಅನುಭವ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು ಓಡುತ್ತದೆ. ನಾವೂ ಅದರ ಹಿಂದೆಯೇ ಓಡಿದರೆ ಅದರ ವೇಗ ನಮಗೆ ಅಷ್ಟು ಕಡಿಮೆಯಾಗಿ ಕಾಣಬೇಕಷ್ಟೆ? ಅದನ್ನು ಪರೀಕ್ಷಿಸಲು ನಾವೇ ಓಡಬೇಕಾಗಿಲ್ಲ. ಭೂಮಿ ನಮ್ಮನ್ನು ಹೊತ್ತುಕೊಂಡು ಸೂರ್ಯನ ಸುತ್ತ ಸೆಕೆಂಡಿಗೆ 30 ಕಿಲೋಮೀಟರಿನಂತೆ ಓಡುತ್ತಲೇ ಇದೆ. 1887ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೈಕೆಲ್‌ಸನ್, ಮಾರ್ಲಿ ಎಂಬಿಬ್ಬರು ಭೂಮಿ ಓಡುವ ದಿಕ್ಕಿಗೂ ಅದಕ್ಕೆ ಅಡ್ಡ ದಿಕ್ಕಿಗೂ ಬೆಳಕನ್ನು ಕಳಿಸಿ, ವೇಗದಲ್ಲಿ ವ್ಯತ್ಯಾಸವಿದೆಯೇ ಎಂದು ಬಹು ಸೂಕ್ಷ್ಮವಾಗಿ ಅಳೆದರು. ವ್ಯತ್ಯಾಸ ಸಿಗಲೇ ಇಲ್ಲ. ಆಮೇಲೆ ಇನ್ನೂ ಸೂಕ್ಷ್ಮವಾಗಿ ಅಳೆದವರಿಗೂ ಸಿಗಲಿಲ್ಲ. ನೀವು ಎಷ್ಟೇ ಜೋರಾಗಿ ಓಡಿ, ಬೆಳಕು ನಿಮ್ಮನ್ನು ದಾಟುವುದು ಅದೇ 3 ಲಕ್ಷ ಕಿಲೋಮೀಟರಿನಲ್ಲೇ.

ಹೀಗಾಗಿ ಹುಡುಗನ ಪ್ರಶ್ನೆಗೆ ಉತ್ತರ ಇದು: ಇಲ್ಲಪ್ಪಾ, ಬೆಳಕು ನಿಂತ ಹಾಗೆ ಎಂದಿಗೂ ಕಾಣುವುದಿಲ್ಲ. ಅಂದು ಈ ಒಂದು ಮಾತು ಹೇಳಲಾರದೆ ನಿನ್ನನ್ನು ಬೆಂಚು ಹತ್ತಿಸಿದೆ.

ಈಗ ಕಾಲದ ಪ್ರಶ್ನೆ. ಇದನ್ನು 1905ರಲ್ಲಿ ಬಿಡಿಸಿದಾಗ ಐನ್‌ಸ್ಟೈನನಿಗೆ 26 ವರ್ಷ. ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟ್ ಕಚೇರಿಯಲ್ಲಿ ಮೂರನೆಯ ದರ್ಜೆಯ ನೌಕರ. ಕೆಲಸಕ್ಕೆ ಹೋಗುತ್ತ, ಉಳಿದ ಹೊತ್ತಿನಲ್ಲಿ ಕೂತು ಬರೆದದ್ದು. ಅವನ ಲೆಕ್ಕವನ್ನು ನಾವು ನಮ್ಮ ಮಗ್ಗದ ಲಾಳಿ ಹಿಡಿದುಕೊಂಡೇ ನೋಡಬಹುದು.

ಮೇಲ್ಛಾವಣಿ ಇಲ್ಲದ ಒಂದು ರೈಲು ಬೋಗಿ. ಅದರಲ್ಲಿ ಒಂದು ಮಗ್ಗ. ಲಾಳಿ ಎಡಗೋಡೆಯಿಂದ ಬಲಗೋಡೆಗೆ, ಬಲಗೋಡೆಯಿಂದ ಎಡಗೋಡೆಗೆ ಹೋಗಿ ಬರುತ್ತಿದೆ. ರೈಲು ಮುಂದಕ್ಕೆ ಓಡುತ್ತಿದೆ. ಬೋಗಿಯಲ್ಲಿ ನಿಂತ ನೇಕಾರನಿಗೆ ಲಾಳಿ ನೆಟ್ಟಗೆ ಅಡ್ಡಡ್ಡ ಹೋಗುತ್ತದೆ. ಸ್ಟೇಷನ್ನಿನ ಮೇಲ್ಸೇತುವೆಯ ಮೇಲೆ ನಿಂತು ಕೆಳಗೆ ನೋಡುವವನಿಗೆ? ಲಾಳಿ ಬಲಗೋಡೆ ಮುಟ್ಟುವಷ್ಟರಲ್ಲಿ ರೈಲು ಮುಂದಕ್ಕೆ ಹೋಗಿರುತ್ತದೆ. ಆದ್ದರಿಂದ ಅವನ ಕಣ್ಣಿಗೆ ಲಾಳಿ ಓರೆಯಾಗಿ ಹೋಯಿತು, ಓರೆಯಾಗಿ ಬಂತು. ಓರೆ ದಾರಿ ನೆಟ್ಟಗಿನ ದಾರಿಗಿಂತ ಉದ್ದ. ಸಾಮಾನ್ಯ ಲಾಳಿಯಾದರೆ ತಕರಾರಿಲ್ಲ. ಲಾಳಿಯ ವೇಗಕ್ಕೆ ರೈಲಿನ ವೇಗವೂ ಕೂಡಿಕೊಳ್ಳುತ್ತದೆ, ಉದ್ದ ದಾರಿಯನ್ನು ಹೆಚ್ಚಿನ ವೇಗದಲ್ಲಿ ಮುಗಿಸುತ್ತದೆ, ಇಬ್ಬರ ಗಡಿಯಾರಕ್ಕೂ ಒಂದೇ ಸಮಯ ಬರುತ್ತದೆ.

ಆದರೆ ಲಾಳಿಯ ಬದಲು ಬೆಳಕಿನ ಒಂದು ಮಿಂಚನ್ನು ಎರಡು ಕನ್ನಡಿಗಳ ನಡುವೆ ಓಡಾಡಿಸಿರಿ. ಬೆಳಕಿಗೆ ರೈಲಿನ ವೇಗ ಕೂಡಿಕೊಳ್ಳುವುದಿಲ್ಲ ಎಂದು ಈಗ ತಾನೆ ನೋಡಿದೆವು. ಸೇತುವೆಯವನಿಗೆ ದಾರಿ ಉದ್ದ, ವೇಗ ಅಷ್ಟೇ. ಹಾಗಾದರೆ ಅವನ ಲೆಕ್ಕದಲ್ಲಿ ಒಂದು ಹೋಗಿಬರುವಿಕೆಗೆ ಹೆಚ್ಚು ಹೊತ್ತು ಹಿಡಿಯಲೇಬೇಕು. ಬೋಗಿಯೊಳಗಿನವನಿಗೆ ಹತ್ತು ಟಿಕ್ ಆದಾಗ ಸೇತುವೆಯವನಿಗೆ ಹತ್ತಕ್ಕಿಂತ ಹೆಚ್ಚು ಆಗಿರುತ್ತದೆ. ಓಡುವ ಗಡಿಯಾರ ನಿಧಾನ. ಬೆಳಕಿನ ಗಡಿಯಾರ ಮಾತ್ರವಲ್ಲ, ಅದರ ಪಕ್ಕದಲ್ಲಿರುವ ಕೈಗಡಿಯಾರ, ನೇಕಾರನ ನಾಡಿ, ಅವನ ಹಸಿವು, ಅವನ ಗಡ್ಡ ಬೆಳೆಯುವುದು ಎಲ್ಲವೂ ಅದೇ ಲೆಕ್ಕಕ್ಕೆ ಒಳಪಟ್ಟವು. ಬೋಗಿಯೊಳಗೆ ಒಂದು ಮಾತ್ರ ನಿಧಾನವಾಗಿ ಮಿಕ್ಕವು ಹಾಗೇ ಇದ್ದಿದ್ದರೆ, ಕಿಟಕಿ ಮುಚ್ಚಿಕೊಂಡು ಕೂತವನಿಗೂ ರೈಲು ಓಡುತ್ತಿದೆಯೆಂದು ತಿಳಿದುಬಿಡುತ್ತಿತ್ತು. ಒಂದೇ ಸಮನೆ ಓಡುವ ಬಂಡಿಯೊಳಗೆ ಹಾಗೆ ತಿಳಿಯುವುದಿಲ್ಲ ಎಂಬುದೇ ಐನ್‌ಸ್ಟೈನನ ಮೊದಲ ಮಾತು.

ಇಲ್ಲಿ ನಮ್ಮ ನೇಯ್ಗೆ ಖಾತೆಯ ಗೆಳೆಯರೊಬ್ಬರು ಎದ್ದು ಕೇಳಿದರು: "ಮೇಷ್ಟ್ರೆ, ಇದು ಮಾಲೀಕರ ಕಿವಿಗೆ ಬಿದ್ದರೆ ನಮ್ಮ ಎಂಟು ಗಂಟೆಯ ಪಾಳಿ ಹತ್ತು ಗಂಟೆ ಆದೀತಲ್ಲ?" ಸಭೆಯೆಲ್ಲ ನಕ್ಕಿತು. ಆದರೆ ಪ್ರಶ್ನೆ ಚೆನ್ನಾಗಿದೆ. ಬೆಳಕಿನ ವೇಗದ ಐದರಲ್ಲಿ ಮೂರು ಪಾಲಿನಷ್ಟು ವೇಗದಿಂದ ಓಡುವ ಒಂದು ಗಿರಣಿ ಇದೆಯೆಂದು ಇಟ್ಟುಕೊಳ್ಳಿ. ಹೊರಗಿನ ಗಡಿಯಾರದಲ್ಲಿ 10 ಗಂಟೆಯಾದಾಗ ಅದರೊಳಗೆ ಸರಿಯಾಗಿ 8 ಗಂಟೆ ಆಗಿರುತ್ತದೆ. ಆದರೆ ಒಳಗಿನ ಕೆಲಸಗಾರ ದಣಿದದ್ದು 8 ಗಂಟೆಯ ದಣಿವು, ನೇಯ್ದದ್ದು 8 ಗಂಟೆಯ ಬಟ್ಟೆ. ಹೊರಗಿನ ಗಡಿಯಾರ ತೋರಿಸಿ ಅವನಿಂದ ಒಂದು ಮೊಳ ಹೆಚ್ಚು ತೆಗೆಯಲು ಬರುವುದಿಲ್ಲ. ಇನ್ನು ನಮ್ಮ ರೈಲುಗಳ ವೇಗವೋ? ಗಂಟೆಗೆ 100 ಕಿಲೋಮೀಟರಿನಂತೆ ಎಂಟು ಗಂಟೆ ಓಡಿದರೂ ಆಗುವ ವ್ಯತ್ಯಾಸ ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗಕ್ಕಿಂತಲೂ ಕಡಿಮೆ. ನಾನು ಕಂಡ ಒಂದು ಗಿರಣಿಯ ಗೇಟಿನ ಗಡಿಯಾರ ಬೆಳಗ್ಗೆ ಐದು ನಿಮಿಷ ಮುಂದೆ, ಸಂಜೆ ಐದು ನಿಮಿಷ ಹಿಂದೆ ಇರುತ್ತಿತ್ತು. ಅದಕ್ಕೆ ಐನ್‌ಸ್ಟೈನ್ ಕಾರಣನಲ್ಲ. ಅದನ್ನು ಹಾಜರಿ ಗುಮಾಸ್ತನನ್ನೇ ಕೇಳಬೇಕು.

ಇದೆಲ್ಲ ಕಾಗದದ ಲೆಕ್ಕ, ಯಾರಾದರೂ ಕಣ್ಣಾರೆ ಕಂಡಿದ್ದಾರೆಯೇ ಎಂದು ಕೇಳುವುದು ನಿಮ್ಮ ಹಕ್ಕು. ಒಂದು ಚೀಟಿಯಲ್ಲಿ ಹಾಗೆಯೇ ಬರೆದಿದೆ: "ದೊಡ್ಡವರು ಹೇಳಿದರೆಂದು ನಂಬಬೇಕೋ?" ನಂಬಬೇಡಿ. ಹೇಗೆ ಅಳೆದರು ಎಂಬುದನ್ನು ಕೇಳಿ.

ಆಕಾಶದಿಂದ ಹಗಲೂ ರಾತ್ರಿ ಒಂದು ಬಗೆಯ ಮಳೆ ಬೀಳುತ್ತಿರುತ್ತದೆ. ದೂರದ ನಕ್ಷತ್ರಲೋಕದಿಂದ ಬಂದ ಕಣಗಳು ನಮ್ಮ ಗಾಳಿಯ ಮೇಲ್ಪದರಕ್ಕೆ ಬಡಿದು ಪುಡಿಯಾಗುತ್ತವೆ. ಆ ಪುಡಿಯಲ್ಲಿ ಮ್ಯೂಆನ್ ಎಂಬ ಕಣ ಹುಟ್ಟುತ್ತದೆ. ಅಂಗೈ ಚಾಚಿ ಹಿಡಿದರೆ ಸೆಕೆಂಡಿಗೆ ಒಂದರಂತೆ ಅದು ಅಂಗೈಯನ್ನು ತೂರಿಕೊಂಡು ಹೋಗುತ್ತಿರುತ್ತದೆ. ಅದು ಅಲ್ಪಾಯುಷಿ. ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿದರೆ ಅಂಥ ಎರಡು ಭಾಗಕ್ಕಿಂತ ತುಸು ಹೆಚ್ಚು, ಅಷ್ಟೇ ಅದರ ಸರಾಸರಿ ಆಯುಸ್ಸು. ಆಮೇಲೆ ಒಡೆದು ಬೇರೆ ಕಣಗಳಾಗುತ್ತದೆ. ಅಷ್ಟು ಹೊತ್ತಿನಲ್ಲಿ ಬೆಳಕೇ ಓಡುವುದು ಸುಮಾರು 660 ಮೀಟರು. ಮ್ಯೂಆನು ಹುಟ್ಟುವುದಾದರೋ ನೆಲದಿಂದ 15 ಕಿಲೋಮೀಟರಿನಷ್ಟು ಎತ್ತರದಲ್ಲಿ. ದಾರಿಯಲ್ಲೇ ಹೆಚ್ಚುಕಡಿಮೆ ಎಲ್ಲವೂ ಸತ್ತುಹೋಗಬೇಕು. ಆದರೂ ನಮ್ಮ ಅಂಗೈಗೆ ಬರುತ್ತವೆ!

ಇಂಥ ಕಣಗಳ ಆಯುಸ್ಸನ್ನು ಅಳೆದರೆ ಐನ್‌ಸ್ಟೈನನ ಮಾತು ಸರಿಯೋ ತಪ್ಪೋ ಎಂಬುದು ನೇರವಾಗಿ ತಿಳಿದೀತೆಂದು 1938ರಲ್ಲೇ ಬರೆದವರಲ್ಲಿ ನಮ್ಮ ಹೋಮಿ ಭಾಭಾ ಒಬ್ಬರು. ಆಗ ಅವರು ಕೇಂಬ್ರಿಡ್ಜಿನಲ್ಲಿದ್ದರು. ಮರುವರ್ಷ ರಜಕ್ಕೆ ಊರಿಗೆ ಬಂದಾಗ ಯುದ್ಧ ಶುರುವಾಗಿ, ಹಿಂದಿರುಗದೆ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಉಳಿದುಕೊಂಡರು. 1941ರಲ್ಲಿ ಅಮೆರಿಕದಲ್ಲಿ ರಾಸಿ, ಹಾಲ್ ಎಂಬಿಬ್ಬರು ಮೊದಲು ಅಳೆದರು. ಸುಲಭವಾಗಿ ಹೇಳಬಹುದಾದದ್ದು ಅದಾದ ಮೇಲೆ ಫ್ರಿಷ್, ಸ್ಮಿತ್ ಎಂಬವರು ಮಾಡಿ 1963ರಲ್ಲಿ ಪ್ರಕಟಿಸಿದ ಪ್ರಯೋಗ. ಮೌಂಟ್ ವಾಷಿಂಗ್ಟನ್ ಎಂಬ ಬೆಟ್ಟದ ಮೇಲೆ, ಸುಮಾರು 1,900 ಮೀಟರ್ ಎತ್ತರದಲ್ಲಿ, ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯಷ್ಟು ಎತ್ತರ ಎನ್ನಿ, ಉಪಕರಣ ಇಟ್ಟು ಗಂಟೆಗೆ ಎಷ್ಟು ಮ್ಯೂಆನು ಬರುತ್ತವೆಂದು ಎಣಿಸಿದರು. ಸುಮಾರು 560 ಬಂದವು. ಅಷ್ಟು ಎತ್ತರದಿಂದ ಕೆಳಗಿಳಿಯುವಷ್ಟರಲ್ಲಿ, ಅವುಗಳ ಆಯುಸ್ಸಿನ ಪ್ರಕಾರ, ಉಳಿಯಬೇಕಾದವು 27. ಸಮುದ್ರಮಟ್ಟಕ್ಕೆ ಉಪಕರಣ ತಂದು ಎಣಿಸಿದರು. 400ಕ್ಕೂ ಹೆಚ್ಚು ಬಂದವು. ಓಡುವ ಮ್ಯೂಆನಿನ ಗಡಿಯಾರ ನಮ್ಮದಕ್ಕಿಂತ ಸುಮಾರು ಒಂಬತ್ತು ಪಟ್ಟು ನಿಧಾನವಾಗಿ ನಡೆದರೆ ಬರತಕ್ಕ ಲೆಕ್ಕ ಇದು. ಇಲ್ಲಿ ಯಾರ ಮಾತನ್ನೂ ನಂಬಬೇಕಾಗಿಲ್ಲ. ಬೆಟ್ಟದ ಮೇಲೆ ಇಷ್ಟು, ಕೆಳಗೆ ಇಷ್ಟು. ಮೂಟೆ ಎಣಿಸಿದ ಹಾಗೆ.

"ಆ ಕಣವನ್ನೇ ಕೇಳಿದರೆ ಏನು ಹೇಳೀತು?" ಇದು ನೂಲುವ ಖಾತೆಯ ನನ್ನ ಹಳೆಯ ಶಿಷ್ಯ ಅಲ್ಲಿಯೇ ಎದ್ದು ಕೇಳಿದ್ದು. ಕಣದ ಪಾಲಿಗೆ ತನ್ನ ಆಯುಸ್ಸು ಏನೂ ಹೆಚ್ಚಿಲ್ಲ, ತಾನು ನಿಂತಲ್ಲೇ ಇದ್ದೇನೆ, ಬೆಟ್ಟವೇ ಓಡಿಬಂತು ಎಂದೀತು. ಓಡಿಬಂದ ಆ ಬೆಟ್ಟ ಅದಕ್ಕೆ 1,900 ಮೀಟರಲ್ಲ, ಒಂಬತ್ತರಲ್ಲೊಂದು ಪಾಲಿಗೆ ಕುಗ್ಗಿ ಸುಮಾರು 200 ಮೀಟರು! ಅದರ ಚಿಕ್ಕ ಆಯುಸ್ಸಿನಲ್ಲಿ ಅಷ್ಟು ದಾಟುವುದು ಕಷ್ಟವಲ್ಲ. ನಾವು ಕಾಲ ಹಿಗ್ಗಿತು ಎನ್ನುತ್ತೇವೆ, ಅದು ದೂರ ಕುಗ್ಗಿತು ಎನ್ನುತ್ತದೆ. ಕೆಳಗೆ ಬಂದು ತಲುಪಿದವು ಎಷ್ಟು ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಈ ಮಾತನ್ನು ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಪೇಟೆಯಲ್ಲಿ ನಡೆದ ಒಂದು ಉಪನ್ಯಾಸದಲ್ಲಿ ದೊಡ್ಡ ಮನುಷ್ಯರೊಬ್ಬರು, ಎಲ್ಲವೂ ಸಾಪೇಕ್ಷ ಎಂದು ವಿಜ್ಞಾನವೇ ಹೇಳಿಬಿಟ್ಟಿದೆ, ಬಡತನ ಶ್ರೀಮಂತಿಕೆಗಳೂ ನೋಡುವವನ ದೃಷ್ಟಿಯಲ್ಲಿವೆ ಎಂದರಂತೆ. ಇದು ನಿಜವೇ ಎಂದು ಎರಡು ಚೀಟಿಗಳಲ್ಲಿ ಕೇಳಿದ್ದಾರೆ. ಸಾಪೇಕ್ಷ ಸಿದ್ಧಾಂತ ಹಾಗೆ ಹೇಳುವುದಿಲ್ಲ. ಬೆಳಕಿನ ವೇಗ ಎಲ್ಲರಿಗೂ ಒಂದೇ, ಪ್ರಕೃತಿಯ ನಿಯಮ ಎಲ್ಲರಿಗೂ ಒಂದೇ ಎಂದು ಹಿಡಿದುಕೊಂಡು ಹೊರಟ ಸಿದ್ಧಾಂತ ಅದು. ಆ ಎರಡನ್ನು ಬಿಟ್ಟುಕೊಡಲಾರೆ ಎಂದದ್ದಕ್ಕೇ ಕಾಲ, ದೂರ ಇವು ಬಗ್ಗಬೇಕಾಯಿತು. ಒಬ್ಬನ ಗಡಿಯಾರದಿಂದ ಇನ್ನೊಬ್ಬನ ಗಡಿಯಾರಕ್ಕೆ ಲೆಕ್ಕ ಬದಲಾಯಿಸುವ ಕರಾರುವಾಕ್ಕಾದ ಸೂತ್ರವನ್ನೂ ಅದು ಕೊಟ್ಟಿದೆ. ಸೇರನ್ನು ಕಿಲೋಗ್ರಾಮಿಗೆ ಬದಲಾಯಿಸಿದರೆ ಚೀಲದಲ್ಲಿರುವ ಅಕ್ಕಿ ಹೆಚ್ಚೂ ಆಗದು, ಕಡಿಮೆಯೂ ಆಗದು. ಹಸಿದವನಿಗೆ ಹಸಿವು ಸಾಪೇಕ್ಷ ಎಂದು ಹೇಳುವವರು ಐನ್‌ಸ್ಟೈನನ ಹೆಸರನ್ನು ಎಳೆದು ತರುವುದು ಬೇಡ.

ದೊಡ್ಡ ಗಡಿಯಾರಗಳಲ್ಲೂ ಇದನ್ನು ನೋಡಿದ್ದಾರೆ. 1971ರಲ್ಲಿ ಹಾಫೆಲೆ, ಕೀಟಿಂಗ್ ಎಂಬಿಬ್ಬರು ಅಮೆರಿಕನ್ನರು ನಾಲ್ಕು ಪರಮಾಣು ಗಡಿಯಾರಗಳಿಗೂ ಸೀಟು ಕಾದಿರಿಸಿಕೊಂಡು ಸಾಮಾನ್ಯ ಪ್ರಯಾಣಿಕರ ವಿಮಾನಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಇಳಿದು ನೋಡಿದರೆ, ನೆಲದ ಗಡಿಯಾರಕ್ಕೂ ಅವಕ್ಕೂ ಸಿದ್ಧಾಂತ ಹೇಳಿದಷ್ಟೇ ವ್ಯತ್ಯಾಸ. ಇಂದು ಕಿರಾಣಿ ಅಂಗಡಿಯವರ ಕೈಯ ಮೊಬೈಲು ದಾರಿ ತೋರಿಸುತ್ತದಲ್ಲ, ಅದಕ್ಕೆ ಆಕಾಶದಲ್ಲಿ ಸುಮಾರು 20,000 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಗಡಿಯಾರಗಳು ಬೇಕು. ಅವು ಓಡುವುದರಿಂದ ದಿನಕ್ಕೆ ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ 7 ಭಾಗ ಹಿಂದೆ ಬೀಳುತ್ತವೆ. ಭೂಮಿಯ ಸೆಳೆತ ಅಲ್ಲಿ ಕಡಿಮೆಯಾದ್ದರಿಂದ 45 ಭಾಗ ಮುಂದೆ ಹೋಗುತ್ತವೆ. ಕಳೆದು ಉಳಿದದ್ದು 38 ಭಾಗ. ಏನು ಮಹಾ ಎನ್ನಬೇಡಿ, ಅಷ್ಟರಲ್ಲಿ ಬೆಳಕು 11 ಕಿಲೋಮೀಟರು ಓಡಿಬಿಡುತ್ತದೆ. ಈ ತಪ್ಪನ್ನು ಮೊದಲೇ ತಿದ್ದಿ ಇಡದಿದ್ದರೆ ಹರಿಹರಕ್ಕೆ ಹೊರಟವರು ದಾರಿ ತಪ್ಪಿಯಾರು.

ಇನ್ನು ಎಣ್ಣೆ ವ್ಯಾಪಾರದ ಹಿರಿಯರ ಪ್ರಶ್ನೆ. "ವಸ್ತು ಬೇರೆಯಲ್ಲ ಶಕ್ತಿ ಬೇರೆಯಲ್ಲ ಎನ್ನುತ್ತೀರಿ. ಹಾಗಾದರೆ ಕಾಯಿಸಿದರೆ ತೂಕ ಹೆಚ್ಚಬೇಕಲ್ಲ?" ಹೆಚ್ಚುತ್ತದೆ ಸ್ವಾಮಿ. ಒಂದು ಲೀಟರು ನೀರನ್ನು ಕುದಿಯುವ ತನಕ ಕಾಯಿಸಿದರೆ, ಒಂದು ಗ್ರಾಮನ್ನು ನೂರು ಕೋಟಿ ಭಾಗ ಮಾಡಿ ಅದರಲ್ಲಿ ನಾಲ್ಕು ಭಾಗದಷ್ಟು ಹೆಚ್ಚುತ್ತದೆ. ನಿಮ್ಮ ತಕ್ಕಡಿಗೆ ಅದು ತಿಳಿಯುವುದಿಲ್ಲ. ಬಿಸಿ ಎಣ್ಣೆ ಮಾರಿ ಲಾಭ ಮಾಡುವ ಯೋಚನೆ ಇದ್ದರೆ ಬಿಡಿ, ಸೌದೆಯ ಖರ್ಚೇ ಹೆಚ್ಚು. ಆದರೆ ಲೆಕ್ಕವನ್ನು ತಿರುಗಿಸಿ ನೋಡಿ. ಇಷ್ಟು ಶಾಖಕ್ಕೆ ಅಷ್ಟು ಚಿಕ್ಕ ತೂಕವಾದರೆ, ಚಿಕ್ಕ ತೂಕದಲ್ಲಿ ಎಷ್ಟು ಶಾಖ ಅಡಗಿರಬೇಕು? ಒಂದೇ ಒಂದು ಗ್ರಾಮು ವಸ್ತು ಪೂರ್ತಿಯಾಗಿ ಶಕ್ತಿಯಾದರೆ ಎರಡೂವರೆ ಕೋಟಿ ಯೂನಿಟ್ ವಿದ್ಯುತ್ತಿಗೆ ಸಮ. ಸೂರ್ಯ ಸೆಕೆಂಡಿಗೆ 40 ಲಕ್ಷ ಟನ್ನಿನಂತೆ ತೂಕ ಕಳೆದುಕೊಂಡು ನಮಗೆ ಬಿಸಿಲು ಕೊಡುತ್ತಿದ್ದಾನೆ. 1945ರ ಆಗಸ್ಟ್ 6ರಂದು ಹಿರೋಷಿಮಾದ ಮೇಲೆ ಸಿಡಿದ ಬಾಂಬಿನಲ್ಲಿ ಶಕ್ತಿಯಾಗಿ ಹೋದ ತೂಕ ಒಂದು ಗ್ರಾಮಿಗೂ ಕಡಿಮೆ. ಆ ವರ್ಷ ಮುಗಿಯುವುದರೊಳಗೆ ಸತ್ತವರು ಲಕ್ಷಕ್ಕೂ ಮಿಕ್ಕಿ ಎಂದು ಅಂದಾಜು. ಒಂದು ಗ್ರಾಮೆಂದರೆ ನೀವು ಅಂಗಡಿಯಲ್ಲಿ ಲೆಕ್ಕಕ್ಕೇ ಹಿಡಿಯದೆ ಬಿಡುವಷ್ಟು.

ಕಾಣದ ಕಣದ ಪ್ರಶ್ನೆಗೆ ಬರುತ್ತೇನೆ. ಇದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಇದು ನಮ್ಮ ನಾಡಿನ ಕಥೆ, ಗಣಿ ಕೆಲಸಗಾರರ ಕಥೆಯೂ ಹೌದು.

ಕೆಲವು ಪರಮಾಣುಗಳು ತಾವಾಗಿ ಒಡೆಯುವಾಗ ಶಕ್ತಿಯ ಜಮಾಖರ್ಚು ಸರಿಹೋಗುತ್ತಿರಲಿಲ್ಲ. ಹೊರಗೆ ಬಂದದ್ದು ಹೋಗಬೇಕಾದದ್ದಕ್ಕಿಂತ ಕಡಿಮೆ ಕಾಣುತ್ತಿತ್ತು. ನೀವು ರಾತ್ರಿ ಅಂಗಡಿಯ ಲೆಕ್ಕ ನೋಡುವಾಗ ಗಲ್ಲಾದಲ್ಲಿ ಹಣ ಕಡಿಮೆ ಬಿದ್ದರೆ ಏನು ಮಾಡುತ್ತೀರಿ? ಯಾರೋ ಕಣ್ಣಿಗೆ ಬೀಳದೆ ತೆಗೆದುಕೊಂಡು ಹೋಗಿದ್ದಾರೆ ಎನ್ನುತ್ತೀರಿ. 1930ರಲ್ಲಿ ಪೌಲಿ ಎಂಬ ವಿಜ್ಞಾನಿ ಅದನ್ನೇ ಹೇಳಿದ. ಕಾಣದ ಒಂದು ಕಣ ಆ ಪಾಲನ್ನು ಹೊತ್ತುಕೊಂಡು ಹೋಗುತ್ತಿದೆ ಎಂದ. ಅದಕ್ಕೆ ಆಮೇಲೆ ನ್ಯೂಟ್ರಿನೋ ಎಂದು ಹೆಸರಾಯಿತು. ಕಳ್ಳನಿದ್ದಾನೆ ಎನ್ನುವುದು ಸುಲಭ, ಹಿಡಿಯುವುದು ಕಷ್ಟ. ಇದು ಭೂಮಿಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಡುವಂಥ ಕಣ. ಸೂರ್ಯನಿಂದ ಬರುವ ನ್ಯೂಟ್ರಿನೋಗಳು ನಿಮ್ಮ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಪ್ರತಿ ಸೆಕೆಂಡಿಗೂ ಆರು ಸಾವಿರ ಕೋಟಿಗೂ ಹೆಚ್ಚು ಹಾದುಹೋಗುತ್ತಿವೆ. ರಾತ್ರಿಯೂ ಬಿಡುವಿಲ್ಲ, ಆಗ ನೆಲದ ಕೆಳಗಿನಿಂದ ಬರುತ್ತವೆ. ಅಷ್ಟರಲ್ಲಿ ಎಲ್ಲೋ ಅಪರೂಪಕ್ಕೊಂದು ಯಾವುದಾದರೂ ಪರಮಾಣುವಿಗೆ ಡಿಕ್ಕಿ ಹೊಡೆಯುತ್ತದೆ. ಆ ಡಿಕ್ಕಿಯ ಗುರುತನ್ನು ಕಾದು ಹಿಡಿಯಬೇಕು. 1956ರಲ್ಲಿ ಅಮೆರಿಕದ ಒಂದು ಪರಮಾಣು ಸ್ಥಾವರದ ಪಕ್ಕದಲ್ಲಿ ರೈನ್ಸ್, ಕೋವನ್ ಎಂಬಿಬ್ಬರು ಮೊದಲು ಹಿಡಿದರು.

ಆಕಾಶದ ಮಳೆಯಲ್ಲೂ ನ್ಯೂಟ್ರಿನೋಗಳು ಹುಟ್ಟುತ್ತವೆ. ಅವನ್ನು ನೆಲದ ಮೇಲೆ ಹಿಡಿಯಲಾಗದು, ಆಗಲೇ ಹೇಳಿದ ಮ್ಯೂಆನುಗಳ ಸದ್ದೇ ಜಾಸ್ತಿ. ಸಂತೆಯಲ್ಲಿ ನಿಂತು ಪಿಸುಮಾತು ಕೇಳಿದಂತೆ. ಸದ್ದಿಲ್ಲದ ಜಾಗ ಬೇಕು, ತಲೆಯ ಮೇಲೆ ಎರಡು ಮೂರು ಕಿಲೋಮೀಟರ್ ಬಂಡೆ ಬೇಕು. ಲೋಕದಲ್ಲಿ ಅಂಥ ಜಾಗ ಕೆಲವೇ ಕಡೆ ಇದ್ದವು. ಅವುಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ.

ಮೈಸೂರು ಸೀಮೆಯಲ್ಲಿ ಹುಟ್ಟಿ, ಭಾಭಾ ಅವರ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿದ ಬಿ.ವಿ. ಶ್ರೀಕಂಠನ್ 1950ರ ದಶಕದ ಮೊದಲಲ್ಲೇ ಉಪಕರಣ ಹೊತ್ತುಕೊಂಡು ಈ ಗಣಿಗೆ ಇಳಿದವರು. ಎಷ್ಟು ಆಳದ ತನಕ ಮ್ಯೂಆನುಗಳು ಬರುತ್ತವೆ ಎಂದು ಮಜಲು ಮಜಲಾಗಿ ಅಳೆಯುತ್ತಾ ಹೋದರು. ಆಳ ಹೆಚ್ಚಿದಂತೆ ಎಣಿಕೆ ಕಡಿಮೆಯಾಗುತ್ತಾ ಬಂದು, ಕೊನೆಗೆ ಬಹು ಆಳದ ಒಂದು ಕಡೆ ಎರಡು ತಿಂಗಳು ಕಾದರೂ ಒಂದೂ ಬರಲಿಲ್ಲ. ಬೇರೆಯವರಾಗಿದ್ದರೆ ಕೆಲಸ ಕೆಟ್ಟಿತೆಂದು ಮೇಲೆ ಬರುತ್ತಿದ್ದರು. ಇವರು, ನ್ಯೂಟ್ರಿನೋ ಹಿಡಿಯಲು ಬೇಕಾದ ಮೌನ ಇಲ್ಲಿದೆ ಎಂದು ತಿಳಿದುಕೊಂಡರು. ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಶ್ರೀಕಂಠನ್, ನರಸಿಂಹನ್, ರಮಣಮೂರ್ತಿ ಮೊದಲಾದವರು, ಜಪಾನಿನ ಒಸಾಕಾದಿಂದಲೂ ಇಂಗ್ಲೆಂಡಿನ ಡರ್‌ಹ್ಯಾಮಿನಿಂದಲೂ ಬಂದವರೊಡನೆ ಸೇರಿ, ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ 2.3 ಕಿಲೋಮೀಟರ್ ಕೆಳಗೆ ಉಪಕರಣಗಳನ್ನು ಗೋಡೆಯಂತೆ ನಿಲ್ಲಿಸಿದರು. ಮುಳ್ಳಯ್ಯನಗಿರಿಯನ್ನು ತಲೆಕೆಳಗು ಮಾಡಿ ನೆಟ್ಟರೂ ಅದರ ತುದಿ ಅಲ್ಲಿಗೆ ಮುಟ್ಟದು. ಗೋಡೆಯಂತೆ ಯಾಕೆ? ಮೇಲಿನಿಂದ ತೂರಿ ಬರುವ ಮ್ಯೂಆನುಗಳು ನೆಟ್ಟಗೆ ಕೆಳಕ್ಕೆ ಬರುತ್ತವೆ. ನ್ಯೂಟ್ರಿನೋಗಾದರೆ ಭೂಮಿ ಅಡ್ಡವಲ್ಲ, ಅದು ಸುತ್ತಲಿನ ಬಂಡೆಯಲ್ಲಿ ಡಿಕ್ಕಿ ಹೊಡೆದು ಎಬ್ಬಿಸಿದ ಕಣ ಅಡ್ಡಡ್ಡಲಾಗಿಯೂ ಬರಬಹುದು. ಅಡ್ಡ ಬಂದದ್ದನ್ನು ಹಿಡಿದರೆ ಕಳ್ಳ ಸಿಕ್ಕಿದ ಹಾಗೆ. 1965ರಲ್ಲಿ ಸಿಕ್ಕಿದ. ಆಕಾಶದ ಮಳೆಯಲ್ಲಿ ಹುಟ್ಟಿದ ನ್ಯೂಟ್ರಿನೋವಿನ ಗುರುತನ್ನು ಲೋಕಕ್ಕೆ ಮೊದಲು ತಿಳಿಸಿದ ಲೇಖನ ಆ ಆಗಸ್ಟ್ ತಿಂಗಳಲ್ಲಿ ಅಚ್ಚಾಯಿತು. ಅದೇ ತಿಂಗಳು ದಕ್ಷಿಣ ಆಫ್ರಿಕದ ಗಣಿಯೊಂದರಲ್ಲಿ ಕೆಲಸ ಮಾಡಿದ ರೈನ್ಸರ ತಂಡದ ಲೇಖನವೂ ಬಂತು. ಅದೂ ಚಿನ್ನದ ಗಣಿಯೇ.

ಆ ಲೇಖನದಲ್ಲಿ ವಿಜ್ಞಾನಿಗಳ ಹೆಸರಿದೆ, ಇರಬೇಕಾದದ್ದೇ. ಆದರೆ ಆ ಆಳವನ್ನು ವಿಜ್ಞಾನಕ್ಕಾಗಿ ಯಾರೂ ತೋಡಲಿಲ್ಲ. 1880ರ ದಶಕದಿಂದ ವಿಲಾಯತಿಯ ಕಂಪನಿಗಳು ಚಿನ್ನಕ್ಕಾಗಿ ತೋಡಿಸಿದವು. ತೋಡಿದವರಲ್ಲಿ ಬಹುಪಾಲು ತಮಿಳು ಸೀಮೆಯಿಂದ ಬಂದ ದಲಿತ ಕೂಲಿಗಳು. ಮುಟ್ಟಿದರೆ ಬಿಸಿ ಹತ್ತುವ ಬಂಡೆ, ಇದ್ದಕ್ಕಿದ್ದಂತೆ ಸಿಡಿದು ಕುಸಿಯುವ ಸುರಂಗ, ಎದೆಗೆ ಕೂರುವ ಕಲ್ಲಿನ ದೂಳು. ಒಂದು ಶತಮಾನದ ಮೇಲೆ ಇದು ನಡೆಯಿತು. ವಿಜ್ಞಾನಿಗಳು ಇಳಿದದ್ದು ಆ ಗಣಿ ಕೆಲಸಗಾರರು ಇಳಿಯುತ್ತಿದ್ದ ಬಾವಿಯಲ್ಲೇ, ಉಸಿರಾಡಿದ್ದು ಅವರಿಗಾಗಿ ಮೇಲಿನಿಂದ ಊದಿದ ಗಾಳಿಯನ್ನೇ. ಈ ಕಥೆಯನ್ನು ಕಾಲೇಜಿನಲ್ಲಿ ಹೇಳುವಾಗ ಇದನ್ನೂ ಸೇರಿಸಿ ಹೇಳಿದರೆ ತಪ್ಪೇನು? 1980ರ ದಶಕದಲ್ಲೂ ಅಲ್ಲಿ ದೊಡ್ಡ ಪ್ರಯೋಗಗಳು ನಡೆದವು, ಆಮೇಲೆ ನಿಂತವು. 2001ರಲ್ಲಿ ಗಣಿಯೇ ಮುಚ್ಚಿತು.

ಒಂದು ಚೀಟಿಯನ್ನು ಬೇಗ ಮುಗಿಸುತ್ತೇನೆ, ಯಾಕೆಂದರೆ ಅಲ್ಲಿ ನನ್ನ ಕಾಲು ಗಟ್ಟಿ ನೆಲದ ಮೇಲಿಲ್ಲ. "ನೋಡುವವನಿಲ್ಲದಿದ್ದರೆ ವಸ್ತುವೇ ಇಲ್ಲ ಎಂದು ಹೊಸ ವಿಜ್ಞಾನ ಹೇಳುತ್ತದಂತೆ." 1989ರಲ್ಲಿ ಜಪಾನಿನ ಟೊನೊಮುರಾ ಮತ್ತವರ ಸಂಗಡಿಗರು ಒಂದು ಪ್ರಯೋಗ ಪ್ರಕಟಿಸಿದರು. ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಬಿಟ್ಟು, ಎರಡು ದಾರಿ ತೆರೆದಿಟ್ಟು, ಆಚೆಯ ಪರದೆಯಲ್ಲಿ ಎಲ್ಲಿ ಬೀಳುತ್ತವೆಂದು ನೋಡಿದರು. ಒಂದೊಂದೂ ಒಂದು ಚುಕ್ಕೆ. ಸಾವಿರಾರು ಚುಕ್ಕೆ ಕೂಡಿದ ಮೇಲೆ ನೋಡಿದರೆ ಸೀರೆಯ ಪಟ್ಟೆಯ ಹಾಗೆ ಸಾಲುಸಾಲು. ಅಂಥ ಪಟ್ಟೆ ಮೂಡಿಸುವುದು ಅಲೆ. ಒಂದೊಂದಾಗಿ ಬಂದದ್ದು ಕಣ, ಒಟ್ಟಿನಲ್ಲಿ ಬಿದ್ದದ್ದು ಅಲೆಯ ಲೆಕ್ಕದಲ್ಲಿ. ಯಾವ ದಾರಿಯಲ್ಲಿ ಹೋಯಿತೆಂದು ಹಿಡಿಯುವ ಏರ್ಪಾಡು ಮಾಡಿದರೆ ಪಟ್ಟೆ ಅಳಿಸಿಹೋಗುತ್ತದೆ. ಇದಕ್ಕೆ ಅರ್ಥವೇನು ಎಂಬ ಬಗ್ಗೆ ಪಂಡಿತರಲ್ಲೇ ಇನ್ನೂ ಜಗಳವಿದೆ. ಆದರೆ 'ನೋಡುವುದು' ಎಂದರೆ ಇಲ್ಲಿ ಮನುಷ್ಯನ ಕಣ್ಣಲ್ಲ, ಉಪಕರಣಕ್ಕೆ ತಾಗಿ ಗುರುತು ಬೀಳುವುದು. ರಾತ್ರಿ ಎಲ್ಲರೂ ಮನೆಗೆ ಹೋದ ಮೇಲೂ ಪರದೆಯ ಮೇಲೆ ಚುಕ್ಕೆ ಬೀಳುತ್ತಲೇ ಇರುತ್ತದೆ. ಜಗತ್ತು ಮಾಯೆ ಎಂದು ಸಾಧಿಸುವವರಿಗೆ ಬೇರೆ ಆಧಾರಗಳಿದ್ದರೆ ಇರಲಿ, ಇದನ್ನು ತೋರಿಸಬಾರದು.

ಮೂರು ಚೀಟಿಗಳು ಉಳಿದಿವೆ. ಬ್ರಹ್ಮಾಂಡ ಹಿಗ್ಗುತ್ತಿದ್ದರೆ ಯಾವುದರೊಳಗೆ ಹಿಗ್ಗುತ್ತಿದೆ ಎಂದು ಒಂದು. ಕಪ್ಪುಕುಳಿಯೊಳಗೆ ಬಿದ್ದವನ ಗಡಿಯಾರ ಏನಾಗುತ್ತದೆ ಎಂದು ಇನ್ನೊಂದು. ಮೂರನೆಯದು ನನ್ನ ಹಳೆಯ ಶಿಷ್ಯನದೇ ಎರಡನೆಯ ಚೀಟಿ: "ಬೆಳಕಿಗೆ ಗಡಿಯಾರ ಕಟ್ಟಿದರೆ ಅದರಲ್ಲಿ ಎಷ್ಟು ಹೊತ್ತಾಗಿರುತ್ತದೆ?" ಇವು ನನ್ನ ಮೆಟ್ರಿಕ್ಕಿಗೆ ಮೀರಿದವು. ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕರೊಬ್ಬರನ್ನು ಕೇಳಿಕೊಂಡಿದ್ದೇನೆ, ಬರುವ ತಿಂಗಳ ಎರಡನೆಯ ಭಾನುವಾರ ಬರಲು ಒಪ್ಪಿದ್ದಾರೆ. ಅಂದು ಎರಡನೆಯ ಪಾಳಿಯವರಿಗೂ ಅನುಕೂಲವಾಗಲೆಂದು ಸಭೆ ಬೆಳಗ್ಗೆ ಒಂಬತ್ತಕ್ಕೆ. ಚೀಟಿಯ ಡಬ್ಬಿ ಬಾಗಿಲಲ್ಲೇ ಇರುತ್ತದೆ.